ಮುಂದಿನ ಬ್ರೇಕ್

ಬ್ರೇಕ್ ಸರಿಯಿಲ್ಲ ಎಂದು ನನ್ನ ಗಂಡ ಮೊದಲ ಸಲ ಹೇಳಿದ್ದು ಮದ್ರಾಸಿನ ಎಗ್ಮೋರ್ ಸ್ಟೇಷನ್ನಿನ ಎದುರಿನ ರಸ್ತೆಯಲ್ಲಿ. ಸಂಜೆಯ ಟ್ರಾಫಿಕ್ಕಿನಲ್ಲಿ ಮುಂದಿದ್ದ ಆಟೋ ನಿಂತಿತು, ನಾವು ನಿಲ್ಲಲಿಲ್ಲ. ನಮ್ಮ ಬೈಕಿನ ಮುಂದಿನ ಚಕ್ರ ಆಟೋದ ಹಿಂಭಾಗಕ್ಕೆ ಹೋಗಿ ತಾಗಿತು. ಗುದ್ದಿತು ಎನ್ನುವಷ್ಟೇನೂ ಅಲ್ಲ, ಗೀರು ಕೂಡ ಬಿದ್ದಿರಲಿಲ್ಲ. ಡ್ರೈವರ್ ಇಳಿದು ಬಂದು ನೋಡಿದ. ಹಿಂದೆ ಕೂತಿದ್ದ ನನ್ನನ್ನು, "ಸಾರುಕ್ಕು ತೂಕ್ಕಮಾ?" ಎಂದು ಕೇಳಿದ, ಸಾರಿಗೆ ನಿದ್ದೆಯಾ ಎಂದು. ಉತ್ತರಕ್ಕೆ ಕಾಯದೆ ಹೋಗಿ ಕೂತು ಆಟೋ ಬಿಟ್ಟ.

"ಹಿಡೀಲೇ ಇಲ್ಲ ಕಣೆ," ಅಂದರು ಇವರು. "ಪೂರ್ತಿ ಒತ್ತಿದೆ. ಹಿಡೀಲೇ ಇಲ್ಲ."

ಆ ಬೈಕಿನ ಬಗ್ಗೆ ಹೇಳಬೇಕು. ಉದ್ದನೆಯ, ತಗ್ಗಾದ, ಒಳ್ಳೇ ಭಾರದ ಬೈಕು. ಕ್ರೂಸರ್ ಎನ್ನುತ್ತಾರೆ. ಓಡಿಸುವವರು ಕಾಲು ಮುಂದಕ್ಕೆ ಚಾಚಿ, ತಮ್ಮ ಕಡೆಗೇ ಬಾಗಿಕೊಂಡಿರುವ ಹ್ಯಾಂಡಲ್ ಹಿಡಿದು, ಈಸಿಚೇರಿನಲ್ಲಿ ಕೂತಂತೆ ಕೂರುತ್ತಾರೆ. ನನ್ನ ಗಂಡ ಅಂಥದ್ದನ್ನು ಕೊಳ್ಳುವ ಜಾತಿಯವರೇ ಅಲ್ಲ. ವಿಮೆ ಕಂಪನಿಯ ಕಚೇರಿಯಲ್ಲಿ ಕೆಲಸ, ತೆಳ್ಳಗಿನ ಮೈ, ಮೆಲು ಮಾತು. ಒಂದು ಮಿಕ್ಸಿ ಕೊಳ್ಳುವುದಕ್ಕೂ ಊರೆಲ್ಲ ವಿಚಾರಿಸುವವರು. ಮಗಳು ಶಾಲೆ ಮುಗಿಸಿ ಕಾಲೇಜಿಗೆ ಸೇರಿದ ವರ್ಷ ಒಂದು ಶನಿವಾರ, ನನ್ನನ್ನೂ ಕೇಳದೆ, ಅದರ ಮೇಲೆ ಕೂತು ಮನೆಗೆ ಬಂದುಬಿಟ್ಟರು. ತ್ರಿಪ್ಲಿಕೇನಿನ ನಮ್ಮ ಓಣಿಯಲ್ಲಿ ಅದು ತಿರುಗುವುದೇ ಕಷ್ಟ. ಅಕ್ಕಪಕ್ಕದವರು ಹೊರಗೆ ಬಂದು ನಿಂತು ನೋಡಿದರು. ಇವರು ಹೆಲ್ಮೆಟ್ ತೆಗೆದು, ತಪ್ಪು ಮಾಡಿದ ಹುಡುಗನ ಹಾಗೆ ನಕ್ಕರು.

ಅಂದಿನಿಂದ ನಾನು ದಿನಾ ಅದರ ಹಿಂದಿನ ಸೀಟಿನವಳು. ಎಗ್ಮೋರಿನ ಒಂದು ಕನ್ನಡಕದ ಅಂಗಡಿಯಲ್ಲಿ ನನ್ನ ಕೆಲಸ. ಜನರ ಕಣ್ಣಿನ ಪವರ್ ನೋಡುವುದು, ಫ್ರೇಮಿಗೆ ಗಾಜು ಕೂರಿಸುವುದು, ಮೂಗಿಗೆ ಸರಿಯಾಗಿ ಕೂರುವ ಹಾಗೆ ಕಡ್ಡಿ ಬಗ್ಗಿಸಿಕೊಡುವುದು. ಅವರ ಕಚೇರಿ ಅಲ್ಲಿಂದ ಎರಡು ಬೀದಿ ಆಚೆ. ಬೆಳಿಗ್ಗೆ ನನ್ನನ್ನು ಇಳಿಸಿ ಹೋಗುವರು, ಸಂಜೆ ಬಂದು ಹತ್ತಿಸಿಕೊಳ್ಳುವರು. ಮನೆಯಲ್ಲಿ ನಮಗೆ ಮಾತಾಡಲು ಪುರುಸೊತ್ತು ಇರುತ್ತಿರಲಿಲ್ಲ. ಮಾತೆಲ್ಲ ಬೈಕಿನ ಮೇಲೇ ಆಗುತ್ತಿತ್ತು, ಅವರು ಮುಖ ಕೊಂಚ ಎಡಕ್ಕೆ ತಿರುಗಿಸಿ, ನಾನು ಅವರ ಭುಜದ ಮೇಲೆ ಗದ್ದ ಇಟ್ಟು. ಅವರ ಮನೆತನ ಮದ್ರಾಸಿಗೆ ಬಂದು ಎಷ್ಟೋ ತಲೆಮಾರಾಗಿತ್ತು, ಮನೆಯ ಕನ್ನಡದಲ್ಲಿ ತಮಿಳೇ ಹೆಚ್ಚು. ನನಗೆ ಕನ್ನಡ ಓದು ಬರಹ ಕಲಿಸಿದ್ದು ಧಾರವಾಡದ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದ ನನ್ನ ತಾಯಿ. ಇದನ್ನು ನಾನು ಬರೆಯುತ್ತಿರುವುದು ಆ ಕನ್ನಡದಲ್ಲಿ. ನಾವಿಬ್ಬರು ಆಡುತ್ತಿದ್ದದ್ದು ಬೇರೆ.

ಆಟೋಗೆ ತಾಗಿದ ಮಾರನೆಯ ದಿನವೇ ಅವರು ಬೈಕನ್ನು ಐಸ್‌ಹೌಸ್ ಕಡೆಯ ಮೆಕ್ಯಾನಿಕ್ ಬಳಿ ಒಯ್ದರು. ಆತ ನಮ್ಮ ವಯಸ್ಸಿನವನೇ, ಮಾತಿನಲ್ಲಿ ಮಹಾ ಉತ್ಸಾಹಿ. ಹೇಳಿದ್ದಕ್ಕೆಲ್ಲ ಹೂಂ ಅನ್ನುವವನು. ಬ್ರೇಕ್ ಪ್ಯಾಡ್ ಬದಲಾಯಿಸಿದ. ಹಳೆಯ ಪ್ಯಾಡ್ ಇನ್ನೂ ಅರ್ಧ ಕೂಡ ಸವೆದಿರಲಿಲ್ಲ, ಅದನ್ನು ಇವರೇ ಮನೆಗೆ ತಂದು ನನಗೆ ತೋರಿಸಿದರು.

"ಸವೆದಿಲ್ಲ ಅಂದ್ಮೇಲೆ ಯಾಕೆ ಹಾಕಿಸಿದ್ರಿ?" ಎಂದೆ.

"ಕಂಪನಿ ಪ್ಯಾಡ್ ಅಷ್ಟು ತಾನ್, ಅಷ್ಟೇ. ಈಗ ಹಾಕಿರೋದು ಗಟ್ಟಿ ಪ್ಯಾಡ್. ಹಿಡಿದ್ರೆ ನಿಲ್ಲತ್ತೆ."

ಕೆಲವು ವಾರ ನಿಂತಿತು. ಆಮೇಲೆ ಮತ್ತೆ ಅದೇ ದೂರು. ಲಿವರ್ ಮೆತ್ತಗಾಗಿದೆ, ಒತ್ತಿದರೆ ಒಳಗೆ ಹೋಗುತ್ತೆ, ಹಿಡಿಯುವುದಿಲ್ಲ. ಕಚೇರಿಯಲ್ಲಿ ಊಟದ ಹೊತ್ತಿನಲ್ಲಿ ಮೊಬೈಲಿನಲ್ಲಿ ವಿಡಿಯೋ ನೋಡಿ ಬ್ರೇಕಿನ ವಿಷಯ ಪೂರ್ತಿ ಕಲಿತುಕೊಂಡರು. ದಾರಿಯುದ್ದಕ್ಕೂ ನನಗೆ ಪಾಠ. ಬಲಗೈಯ ಲಿವರ್ ಒತ್ತಿದರೆ ಅಲ್ಲಿರುವ ಪುಟ್ಟ ಡಬ್ಬಿಯೊಳಗಿನ ಬ್ರೇಕ್ ಆಯಿಲ್ ಕೊಳವೆಯಲ್ಲಿ ಇಳಿದು, ಕೆಳಗೆ ಚಕ್ರದ ಹತ್ತಿರ ಕ್ಯಾಲಿಪರ್ ಎನ್ನುವ ಹಿಡಿಯನ್ನು ತಳ್ಳುತ್ತದೆ, ಅದು ತಿರುಗುವ ಡಿಸ್ಕನ್ನು ಎರಡೂ ಕಡೆಯಿಂದ ಅಮುಕುತ್ತದೆ. ರಬ್ಬರ್ ಕೊಳವೆ ಒತ್ತಡಕ್ಕೆ ಉಬ್ಬುತ್ತದಂತೆ, ಅದಕ್ಕೇ ಬಲ ಪೋಲಾಗುತ್ತದಂತೆ. ಸರಿ, ಉಕ್ಕಿನ ಹೆಣಿಗೆ ಹೊದಿಸಿದ ಕೊಳವೆ ಬಂತು. ಲಿವರ್ ಬೆರಳಿಗೆ ದೂರವಾಯಿತಂತೆ, ಹತ್ತಿರ ತರುವ ಲಿವರ್ ಬಂತು. ಪ್ರತಿ ಸಲ ಕೆಲವು ವಾರ ಸಮಾಧಾನ, ಮತ್ತೆ ಅದೇ.

ಹಿಂದೆ ಕೂತವಳು ನಾನು. ಬ್ರೇಕಿನಲ್ಲಿ ಏನು ಕೆಟ್ಟಿದೆ ಎಂದು ನನಗೇನು ತಿಳಿಯಬೇಕು. ಆದರೆ ಮನೆಯಲ್ಲಿ ಬೇರೆ ಒಂದೆರಡು ಸಂಗತಿ ಕಣ್ಣಿಗೆ ಬೀಳುತ್ತಿದ್ದವು. ಬೆಳಿಗ್ಗೆ ಶರ್ಟಿನ ಮೇಲಿನ ಗುಂಡಿ ಹಾಕಿಕೊಳ್ಳಲು ಹೊತ್ತಾಗುತ್ತಿತ್ತು. ಉಪ್ಪಿನಕಾಯಿ ಭರಣಿಯ ಮುಚ್ಚಳವನ್ನು ಮಗಳ ಕೈಗೆ ಕೊಡತೊಡಗಿದರು. ಒಂದು ಭಾನುವಾರ ಸಂಧ್ಯಾವಂದನೆಗೆ ಕೂತವರು ನೀರಿನ ಉದ್ಧರಣೆಯನ್ನು ಕೈಯಿಂದ ಜಾರಿಸಿ, ಅದನ್ನು ಹೆಕ್ಕದೆ ನೋಡುತ್ತಾ ಕೂತಿದ್ದರು. ನಾನು ಬಾಗಿಲಲ್ಲಿ ನಿಂತಿದ್ದೆ. ನನ್ನನ್ನು ನೋಡಿದ ಕೂಡಲೇ ಎಡಗೈಯಲ್ಲಿ ಎತ್ತಿಕೊಂಡರು.

"ಕೈ ನೋವಾ?" ಎಂದು ಕೇಳಿದೆ.

"ನೋವೇನಿಲ್ಲ ಪಾ. ದಿನಾ ಆ ಲಿವರ್ ಒತ್ತಿ ಒತ್ತಿ ಸೋತುಹೋಗಿದೆ. ಬ್ರೇಕ್ ಸರಿ ಮಾಡಿದ್ರೆ ಇದೂ ಸರಿಯಾಗತ್ತೆ."

ಅವರಿಗೆ ಹಾಗೆ ನಂಬಿಕೆ. ನನಗೂ ನಂಬುವುದು ಸುಲಭವಾಗಿತ್ತು. ಕೈ ಸೋತದ್ದರಿಂದ ಬ್ರೇಕ್ ಹಿಡಿಯುತ್ತಿಲ್ಲವೋ, ಬ್ರೇಕ್ ಹಿಡಿಯದ್ದರಿಂದ ಕೈ ಸೋತಿದೆಯೋ, ಯಾರು ಕೂತು ಬಿಡಿಸಿ ನೋಡುತ್ತಾರೆ. ಅಷ್ಟರಲ್ಲಿ ಅವರು ಮುಂದಿನ ಚಕ್ರಕ್ಕೆ ದೊಡ್ಡ ಡಿಸ್ಕನ್ನೂ, ಪ್ಯಾಡನ್ನು ತಳ್ಳಲು ಎರಡರ ಜಾಗದಲ್ಲಿ ನಾಲ್ಕು ಪಿಸ್ಟನ್ ಇರುವ ಕ್ಯಾಲಿಪರನ್ನೂ ತರಿಸಿದ್ದರು. ಪೆಟ್ಟಿಗೆ ಬಂದ ದಿನ ಊಟದ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ ಬಿಚ್ಚಿದರು. ಡಿಸ್ಕ್ ದೊಡ್ಡ ತಟ್ಟೆಯಷ್ಟು ಅಗಲ, ಮೈತುಂಬ ತೂತು. ಮಗಳು ಬಂದು ನೋಡಿ, "ಅಪ್ಪಾ, ಇದು ಇಡ್ಲಿ ತಟ್ಟು ಮಾದ್ರಿ ಇರುಕ್ಕು," ಎಂದಳು, ಇಡ್ಲಿ ತಟ್ಟೆಯ ಹಾಗಿದೆ ಎಂದು. ಕನ್ನಡ ಅವಳಿಗೆ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ತಮಿಳಿನಲ್ಲೇ. ಇವರು ಅವತ್ತು ಮನಸಾರೆ ನಕ್ಕರು.

ಮೆಕ್ಯಾನಿಕ್ ಅದನ್ನು ಜೋಡಿಸಿಕೊಟ್ಟ. ಹೊಸ ಪ್ಯಾಡನ್ನು ಹೊಸ ಡಿಸ್ಕಿಗೆ ಪಳಗಿಸಬೇಕು ಎಂದ. ಹದವಾದ ವೇಗದಲ್ಲಿ ಹೋಗುವುದು, ಪೂರ್ತಿ ನಿಲ್ಲಿಸದೆ ಬ್ರೇಕ್ ಹಿಡಿಯುವುದು, ಬಿಡುವುದು, ಮತ್ತೆ ಹೋಗುವುದು. ಮರುದಿನ ಬೆಳಕು ಹರಿಯುತ್ತಿದ್ದ ಹಾಗೆ ನಾವಿಬ್ಬರೂ ಮರೀನಾದ ರಸ್ತೆಗೆ ಹೋದೆವು. ವಾಕಿಂಗಿನವರು ಬಿಟ್ಟರೆ ಯಾರೂ ಇರಲಿಲ್ಲ. ಅವರು ಬ್ರೇಕ್ ಹಿಡಿದಾಗಲೆಲ್ಲ ನಾನು ಮುಂದಕ್ಕೆ ಜಾರಿ ಅವರ ಬೆನ್ನಿಗೆ ಬಡಿಯುತ್ತಿದ್ದೆ, ನನ್ನ ಹೆಲ್ಮೆಟ್ ಅವರದಕ್ಕೆ ಟಕ್ ಎಂದು ತಾಗುತ್ತಿತ್ತು. ಲೈಟ್‌ಹೌಸ್‌ವರೆಗೆ ಹೋಗಿ ತಿರುಗಿ ಬಂದೆವು, ಮತ್ತೆ ಹೋದೆವು.

"ನೋಡಿದ್ಯಾ? ಎರಡು ಬೆರಳು ಸಾಕು," ಎಂದು ಕೂಗಿ ಹೇಳಿದರು. "ಎರಡೇ ಬೆರಳು."

ವಾಪಸ್ ಬರುವಾಗ ನಮ್ಮ ಕಡೆಯ ಒಂದು ಹೋಟೆಲಿನಲ್ಲಿ ಪೊಂಗಲ್ ತಿಂದೆವು. ಉಡುಪಿಯ ಕಡೆಯವರ ಹಳೆಯ ಹೋಟೆಲು. ಗಲ್ಲಾದಲ್ಲಿ ಕೂರುವವರು ನಮ್ಮ ಮಾತು ಕೇಳಿ ಕನ್ನಡದಲ್ಲೇ, "ಎಂತ, ಬೆಳಿಗ್ಗೆ ಬೆಳಿಗ್ಗೆ ಸವಾರಿ?" ಎಂದು ವಿಚಾರಿಸಿದರು. ಇವರು ಅವರಿಗೂ ಡಿಸ್ಕಿನ ಕಥೆ ಹೇಳಿದರು. ಪೊಂಗಲನ್ನು ಚಮಚದಲ್ಲಿ ತಿಂದರು. ಇಷ್ಟು ವರ್ಷ ಕೈಯಲ್ಲೇ ತಿನ್ನುತ್ತಿದ್ದವರು ಚಮಚ ಕೇಳಿದ್ದನ್ನು ನಾನು ಗಮನಿಸಿದೆ. ಗಮನಿಸಿ, ಕಾಫಿ ತರಿಸಿದೆ.

ಐಪ್ಪಸಿ ತಿಂಗಳ, ಅಂದರೆ ದೀಪಾವಳಿಯ ಹೊತ್ತಿನ, ಮಳೆ ಶುರುವಾಗುವ ಹೊತ್ತಿಗೆ ಆ ನಾಲ್ಕು ಪಿಸ್ಟನ್ನಿನ ಬ್ರೇಕೂ ಅವರಿಗೆ ಬಿಗಿ ಎನಿಸತೊಡಗಿತು. ಎರಡು ಬೆರಳು ಹೋಗಿ ನಾಲ್ಕು ಬೆರಳಾಯಿತು. ಆಮೇಲೆ ಕಾಲಿನ ಬ್ರೇಕನ್ನೇ ನೆಚ್ಚಿಕೊಂಡು ಓಡಿಸತೊಡಗಿದರು. ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಒಂದು ಸಲ ಪಕ್ಕಕ್ಕೆ ಜಾರಿ, ನಮ್ಮ ಓಣಿಯ ತಿರುವಿನಲ್ಲೇ ಬಿದ್ದೆವು. ನನ್ನ ಮೊಣಕೈ ತರಚಿತು, ಅವರಿಗೆ ಏನೂ ಆಗಲಿಲ್ಲ. ಬಿದ್ದ ಬೈಕನ್ನು ಎತ್ತಲು ಅವರಿಂದ ಆಗಲಿಲ್ಲ. ಪಕ್ಕದ ಲಾಡ್ಜಿನ ಇಬ್ಬರು ಬಂದು ಎತ್ತಿಕೊಟ್ಟರು. ಅಂಥ ಭಾರದ ಬೈಕು, ಯಾರಿಂದಲೂ ಒಬ್ಬರಿಂದ ಆಗದು ಎಂದು ನಾನೇ ಹೇಳಿದೆ. ಹಿಂದಿನ ವರ್ಷ ಪೆಟ್ರೋಲ್ ಬಂಕಿನಲ್ಲಿ ಅದು ವಾಲಿ ಬಿದ್ದಾಗ ಅವರೊಬ್ಬರೇ ಎತ್ತಿದ್ದರು. ಅದು ನಮ್ಮಿಬ್ಬರಿಗೂ ನೆನಪಿತ್ತು.

ಮೆಕ್ಯಾನಿಕ್ ಹತ್ತಿರ ಹೋದರೆ ಅವನು ಓಡಿಸಿ ನೋಡಿ, "ಬ್ರೇಕ್ ನಲ್ಲಾ ತಾನೇ ಸಾರ್ ಇರುಕ್ಕು," ಎಂದನಂತೆ, ಚೆನ್ನಾಗೇ ಇದೆಯಲ್ಲ ಎಂದು. ಅದು ಇವರಿಗೆ ಸರಿಬರಲಿಲ್ಲ. ಉಳಿದದ್ದು ಒಂದೇ, ಹ್ಯಾಂಡಲಿನ ಮೇಲಿರುವ ಆಯಿಲ್ ಡಬ್ಬಿ, ಮಾಸ್ಟರ್ ಸಿಲಿಂಡರ್. ಅದರೊಳಗಿನ ಕೊಳವೆ ಸಣ್ಣದಿದ್ದಷ್ಟೂ ಲಿವರ್ ಹಗುರವಾಗುತ್ತದೆ ಎಂದು ಓದಿದ್ದರು. ಸಣ್ಣದೊಂದನ್ನು ತರಿಸಿದರು. ಈ ಸಲ ಮೆಕ್ಯಾನಿಕ್ ಬೇಡ, ನಾವೇ ಹಾಕೋಣ ಎಂದರು.

ಒಂದು ಭಾನುವಾರ ಮಧ್ಯಾಹ್ನ, ಮಳೆ ನಿಂತಿದ್ದಾಗ, ಅಪಾರ್ಟ್‌ಮೆಂಟಿನ ಕೆಳಗೆ ಗಾಡಿ ನಿಲ್ಲಿಸುವ ಜಾಗದಲ್ಲಿ ಕೂತೆವು. ಜೋಡಿಸುವ ಕೆಲಸವನ್ನು ಹೆಚ್ಚು ನಾನೇ ಮಾಡಿದೆ. ಸಣ್ಣ ಸ್ಕ್ರೂಗಳು ನನಗೆ ಹೊಸದಲ್ಲ. ಅವರು ಪಕ್ಕದಲ್ಲಿ ಕೂತು ಹೇಳುತ್ತಿದ್ದರು. ಕೊನೆಗೆ ಉಳಿದದ್ದು ಕೊಳವೆಯೊಳಗಿನ ಗಾಳಿ ತೆಗೆಯುವುದು. ಅದಕ್ಕೆ ಇಬ್ಬರು ಬೇಕು. ಒಬ್ಬರು ಮೇಲೆ ಲಿವರನ್ನು ಒತ್ತಿ ಹಿಡಿಯಬೇಕು. ಇನ್ನೊಬ್ಬರು ಕೆಳಗೆ ಕ್ಯಾಲಿಪರಿನ ತಿರುಪನ್ನು ಸ್ಪ್ಯಾನರಿನಲ್ಲಿ ಸಡಿಲಿಸಿ, ಆಯಿಲಿನ ಜೊತೆ ಗುಳ್ಳೆ ಹೊರಗೆ ಬಂದ ಕೂಡಲೇ ಬಿಗಿಯಬೇಕು. ಬಿಗಿಯುವವರೆಗೂ ಮೇಲಿನವರು ಲಿವರ್ ಬಿಡುವ ಹಾಗಿಲ್ಲ. ಬಿಟ್ಟರೆ ಹೊರಗೆ ಹೋದ ಗಾಳಿ ಮತ್ತೆ ಒಳಗೆ ಬರುತ್ತದೆ.

"ಒತ್ತಿ," ಎಂದೆ.

"ಒತ್ತಿದೆ."

ಸಡಿಲಿಸಿದೆ. ತಿರುಪಿಗೆ ಸಿಕ್ಕಿಸಿದ್ದ ಪ್ಲಾಸ್ಟಿಕ್ ನಳಿಕೆಯಲ್ಲಿ ಗುಳ್ಳೆ ಇಳಿದು ಬಂತು. ನಾನು ಬಿಗಿಯುವ ಮೊದಲೇ ಮೇಲಿನಿಂದ ಟಪ್ ಎಂದು ಸದ್ದಾಯಿತು. ಲಿವರ್ ಅವರ ಕೈಯಿಂದ ಬಿಟ್ಟುಹೋಗಿತ್ತು. ನಳಿಕೆಯ ಗುಳ್ಳೆ ಮೇಲಕ್ಕೆ ಏರಿ ವಾಪಸ್ ಒಳಗೆ ಹೋಯಿತು.

"ಬೆವರು. ಜಾರತ್ತೆ," ಎಂದರು.

ಸೆರಗಿನಲ್ಲಿ ಅವರ ಕೈ ಒರೆಸಿ ಮತ್ತೆ ಶುರುಮಾಡಿದೆ. ಮತ್ತೆ ಅದೇ. ಒತ್ತುವುದಕ್ಕೆ ಆಗುತ್ತಿತ್ತು, ಹಿಡಿದಿಟ್ಟುಕೊಳ್ಳುವುದಕ್ಕೆ ಆಗುತ್ತಿರಲಿಲ್ಲ. ನಾನು ಬೇಗ ಬೇಗ ಬಿಗಿಯಲು ನೋಡಿದೆ. ಅವರು ಎಡಗೈಯನ್ನೂ ತಂದು ಎರಡೂ ಕೈಯಲ್ಲಿ ಹಿಡಿದರು. ಎರಡೂ ಕೈ ನಡುಗುತ್ತಿದ್ದವು. ಗುಳ್ಳೆಗಳು ಬರುತ್ತಲೇ ಇದ್ದವು, ಹೋಗುತ್ತಲೇ ಇದ್ದವು.

"ಇರಿ, ನಾನು ಲಿವರ್ ಹಿಡೀತೀನಿ. ನೀವು ಕೆಳಗೆ ಕೂತ್ಕೊಳ್ಳಿ," ಎಂದೆ.

ಜಾಗ ಬದಲಾಯಿಸಿದೆವು. ನಾನು ಲಿವರ್ ಒತ್ತಿ ಹಿಡಿದೆ. ಅದು ಎಷ್ಟು ಹಗುರ ಎಂದು ನನಗೆ ಆಗಲೇ ತಿಳಿದದ್ದು. ಕನ್ನಡಕದ ಕಡ್ಡಿ ಬಗ್ಗಿಸುವುದಕ್ಕಿಂತ ಹಗುರ. ಅವರು ಸ್ಪ್ಯಾನರನ್ನು ತಿರುಪಿಗೆ ಕೂರಿಸಿದರು. ತಿರುಗಿಸಲು ನೋಡಿದರು. ಸ್ಪ್ಯಾನರ್ ಬೆರಳಿನಿಂದ ಜಾರಿ ಸಿಮೆಂಟಿನ ಮೇಲೆ ಬಿತ್ತು. ಎತ್ತಿದರು, ಮತ್ತೆ ಬಿತ್ತು. ಮೂರನೆಯ ಸಲ ಎತ್ತಲಿಲ್ಲ. ಅವರ ಬಲಗೈಯ ಹೆಬ್ಬೆರಳು ತೋರುಬೆರಳುಗಳ ನಡುವಿನ ಮಾಂಸ ಹಳ್ಳಬಿದ್ದು, ಅಲ್ಲಿ ನೆರಳು ಕೂತಂತೆ ಕಾಣುತ್ತಿತ್ತು. ಅಷ್ಟು ದಿನ ಒಂದೇ ಮೇಜಿನ ಎದುರು ಬದುರು ಕೂತು ಉಂಡ ನಾನು ಅದನ್ನು ಹೇಗೆ ನೋಡಿರಲಿಲ್ಲವೋ.

ನಾನು ಲಿವರ್ ಹಿಡಿದೇ ನಿಂತಿದ್ದೆ. ಅವರು ಚಕ್ರದ ಪಕ್ಕ ನೆಲದ ಮೇಲೆ ಕೂತಿದ್ದರು. ಇಬ್ಬರಿಗೂ ಗೊತ್ತಾಗಿತ್ತು.

"ನಾಳೆ ಮೆಕ್ಯಾನಿಕ್ಕಿಗೇ ಕೊಟ್ಟುಬಿಡೋಣ," ಎಂದರು.

"ಸರಿ," ಎಂದೆ.

ಮೆಕ್ಯಾನಿಕ್ ಗಾಳಿ ತೆಗೆದುಕೊಟ್ಟ. ಹೊಸ ಸಿಲಿಂಡರಿನಿಂದ ಲಿವರ್ ಎಷ್ಟು ಹಗುರವಾಗಿದೆ ಎಂದು ಒಂದೇ ಬೆರಳಲ್ಲಿ ಬೈಕನ್ನು ನಿಲ್ಲಿಸಿ ತೋರಿಸಿದ. ಈ ಊರಿನಲ್ಲಿ ಇಂಥ ಬ್ರೇಕ್ ಇರುವ ಗಾಡಿ ಇನ್ನೊಂದಿಲ್ಲ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ. ಅದಕ್ಕಿಂತ ಮುಂದೆ ಮಾಡುವುದು ಏನೂ ಉಳಿದಿರಲಿಲ್ಲ.

ಆ ವಾರದ ಒಂದು ಸಂಜೆ ಎಗ್ಮೋರಿನಿಂದ ಬರುತ್ತಿದ್ದೆವು. ಮಳೆ ಹನಿಯುತ್ತಿತ್ತು, ಗಾಡಿಗಳೆಲ್ಲ ತೆವಳುತ್ತಿದ್ದವು. ಕೂವಂ ನದಿಯ ಸೇತುವೆ ಇಳಿಯುವಾಗ ಮುಂದೆ ಸಿಗ್ನಲ್ ಬಿತ್ತು. ನಮ್ಮ ಮುಂದೆ ಒಂದು ಸ್ಕೂಟರು, ಅದರ ಹಿಂದಿನ ಸೀಟಿನಲ್ಲಿ ರೇನ್‌ಕೋಟು ತೊಟ್ಟ ಮಗು. ನಮ್ಮ ಬೈಕು ನಿಧಾನವಾಗಿಯೇ ಹೋಗುತ್ತಿತ್ತು, ಆದರೆ ನಿಲ್ಲುತ್ತಿರಲಿಲ್ಲ. ಅವರ ಬಲಗೈ ಲಿವರಿನ ಮೇಲೇ ಇತ್ತು. ಬೆರಳು ಮಡಚುತ್ತಿರಲಿಲ್ಲ. ಅವರ ಬೆನ್ನಿಗೆ ಅಂಟಿಕೊಂಡು, ಪಕ್ಕದಿಂದ ಕೈ ಚಾಚಿ, ಅವರ ಬೆರಳುಗಳ ಮೇಲೆ ನನ್ನ ಬೆರಳಿಟ್ಟು ಲಿವರ್ ಒತ್ತಿದೆ. ಬೈಕು ಗಕ್ಕನೆ ನಿಂತಿತು. ಆ ಮಗು ತಿರುಗಿ ನಮ್ಮನ್ನು ನೋಡಿತು.

ಹಸಿರು ದೀಪ ಬಂದ ಮೇಲೂ ನಾನು ಕೈ ತೆಗೆಯಲಿಲ್ಲ. ಹಾಗೇ, ಅವರನ್ನು ಹಿಂದಿನಿಂದ ತಬ್ಬಿಕೊಂಡವಳ ಹಾಗೆ, ತ್ರಿಪ್ಲಿಕೇನಿನವರೆಗೆ ಬಂದೆವು. ಆಕ್ಸಿಲರೇಟರ್ ಅವರದು, ಬ್ರೇಕ್ ನನ್ನದು. ನೋಡಿದವರಿಗೆ ಈ ವಯಸ್ಸಿನಲ್ಲಿ ಇವರಿಗೇನು ಹುಚ್ಚು ಎನಿಸಿರಬೇಕು. ಮನೆಯ ಕೆಳಗೆ ಇಳಿದ ಮೇಲೆ ಅವರು ಹೆಲ್ಮೆಟ್ ಕೂಡ ತೆಗೆಯದೆ, "ಬ್ರೇಕ್ ಚೆನ್ನಾಗೇ ಇದೆ, ಅಲ್ವಾ?" ಎಂದು ಕೇಳಿದರು.

"ಹೂಂ. ಚೆನ್ನಾಗಿದೆ."

"ಹಾಗಾದ್ರೆ ಡಾಕ್ಟರ್ ಹತ್ರ ಹೋಗೋಣ."

ನರಗಳ ಡಾಕ್ಟರ್ ನಿಧಾನವಾಗಿ ಮಾತಾಡುವ ಹೆಂಗಸು. ಇವರ ತೋಳು, ಬೆನ್ನು, ತೊಡೆ ಎಲ್ಲ ಕಡೆ ಸೂಜಿ ಚುಚ್ಚಿ ಪರೀಕ್ಷೆ ಮಾಡಿಸಿದರು. ನಾಲಿಗೆ ಹೊರಗೆ ಚಾಚಿಸಿ ಟಾರ್ಚ್ ಬಿಟ್ಟು ಬಹಳ ಹೊತ್ತು ನೋಡಿದರು. ಕೈಯ ವಿಷಯಕ್ಕೆ ಬಂದರೆ ನಾಲಿಗೆ ಯಾಕೆ ನೋಡುತ್ತಾರೆ ಎಂದು ನಾನು ಯೋಚಿಸುತ್ತಿದ್ದೆ. ಎಲ್ಲ ಮುಗಿದ ಮೇಲೆ ನಮ್ಮಿಬ್ಬರನ್ನೂ ಕೂರಿಸಿ ಹೇಳಿದರು. ಮೋಟಾರ್ ನ್ಯೂರಾನ್ ಕಾಯಿಲೆ ಎಂದರು. ಸ್ನಾಯುಗಳಿಗೆ ಅಪ್ಪಣೆ ಕೊಡುವ ನರಗಳೇ ಒಂದೊಂದಾಗಿ ಸಾಯುತ್ತವೆ, ಸತ್ತದ್ದು ಮತ್ತೆ ಬರುವುದಿಲ್ಲ, ಮಾತ್ರೆ ಇದೆ ಆದರೆ ಅದು ಕೊಂಚ ನಿಧಾನಮಾಡಬಹುದು ಅಷ್ಟೇ ಎಂದರು.

"ಕಾಯಿಲೆ ಹೆಸರಲ್ಲೂ ಮೋಟಾರ್," ಎಂದು ಇವರು ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು. ಡಾಕ್ಟರಿಗೆ ಅರ್ಥವಾಗಲಿಲ್ಲ. ನಾನು ನಕ್ಕೆ. ನಗದೆ ಏನು ಮಾಡಬೇಕಿತ್ತೋ ತಿಳಿಯಲಿಲ್ಲ.

ಮನೆಗೆ ಬಂದ ಮೇಲೆ ಮಗಳಿಗೆ ನಾನೇ ಹೇಳಿದೆ. ಅವಳು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಬಂದವಳು ಅಪ್ಪನ ಎದುರು ನೆಲದ ಮೇಲೆ ಕೂತು, "ಅಪ್ಪಾ, ಬೈಕ್ ಇನಿಮೇ ವೇಂಡಾಂ," ಎಂದಳು. ಇನ್ನು ಬೈಕ್ ಬೇಡ.

ಅವರು ಒಪ್ಪಲಿಲ್ಲ. ಜಗಳವಾಡಲಿಲ್ಲ, ಬರೀ ಒಪ್ಪಲಿಲ್ಲ. ಮರುದಿನದಿಂದ ಮತ್ತೆ ಮೊಬೈಲ್ ಹಿಡಿದು ಕೂತರು, ಈಗ ಎಡಗೈಯಲ್ಲಿ. ಕೈ ಇಲ್ಲದವರಿಗಾಗಿ ಎರಡೂ ಚಕ್ರದ ಬ್ರೇಕನ್ನು ಬಲಗಾಲಿನ ಪೆಡಲಿಗೇ ಜೋಡಿಸುವುದುಂಟಂತೆ. ಒಂದೇ ಪೆಡಲ್ ಒತ್ತಿದರೆ ಮುಂದಿನದೂ ಹಿಂದಿನದೂ ಹಿಡಿಯುತ್ತದೆ. ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ ವಿವರಿಸಿದರು. ಅವನಿಗೆ ಕಾಯಿಲೆಯ ಸಂಗತಿ ಹೇಳಿರಲಿಲ್ಲ. ಅವನು ಎಂದಿನ ಉತ್ಸಾಹದಲ್ಲಿ, "ಸೆಯ್ಯಲಾಂ ಸಾರ್," ಮಾಡೋಣ ಎಂದ. ಉದ್ದದ ಕೊಳವೆ ಬೇಕು, ಇನ್ನೊಂದು ಸಿಲಿಂಡರ್ ಬೇಕು ಎಂದು ಇಬ್ಬರೂ ಕೂತು ಮಾತಾಡಿದರು. ನಾನು ಕಾಫಿ ಕೊಟ್ಟೆ. ಇವರು ಲೋಟವನ್ನು ಎರಡು ಅಂಗೈಗಳ ನಡುವೆ ಒತ್ತಿ ಎತ್ತಿದರು. ಮೆಕ್ಯಾನಿಕ್ ಅದನ್ನು ನೋಡಿದ. ಮಾತು ನಿಲ್ಲಿಸಿ, ಕೊಳವೆಯ ಅಳತೆ ನೋಡಿ ಹೇಳುತ್ತೇನೆ ಎಂದು ಎದ್ದುಹೋದ.

ಕೊಳವೆ ಬರುವುದರೊಳಗೆ ಅವರ ಬಲಗಾಲಿನ ಚಪ್ಪಲಿ ಜಾರತೊಡಗಿತ್ತು. ನಡೆಯುವಾಗ ಪಾದದ ಮುಂಭಾಗ ಮೇಲೆ ಏಳುತ್ತಿರಲಿಲ್ಲ. ಅಡುಗೆಮನೆಯಿಂದ ಹಾಲ್‌ಗೆ ಬರುವಾಗ ಹೊಸಿಲು ಎಡವಿದರು. ನಾನು ಹಿಡಿದುಕೊಂಡೆ.

"ಪೆಡಲ್ ಐಡಿಯಾನೂ ಅಷ್ಟು ತಾನ್," ಎಂದರು.

ಬೈಕನ್ನು ಮಾರುವ ಮಾತು ಅವರೇ ತೆಗೆದರು. ತಾಂಬರಂ ಕಡೆಯಿಂದ ಒಬ್ಬ ಯುವಕ ಬಂದ. ಮಗಳು ಅಪ್ಪನಿಗೆ ಕೆಳಗೆ ಕುರ್ಚಿ ಹಾಕಿಕೊಟ್ಟಳು. ಯುವಕ ಬೈಕಿನ ಸುತ್ತ ತಿರುಗಿ ನೋಡಿ ಮೆಚ್ಚಿ, ಒಂದು ಸುತ್ತು ಹೋಗಿ ಬರುತ್ತೇನೆ ಎಂದು ಹೊರಟ. ಓಣಿಯ ತುದಿಯಲ್ಲಿ ಕಿರ್ ಎಂದು ಸದ್ದು ಕೇಳಿತು. ವಾಪಸ್ ಬಂದಾಗ ಅವನ ಮುಖ ಬಿಳಿಚಿಕೊಂಡಿತ್ತು. ಸುಮ್ಮನೆ ಮುಟ್ಟಿದರೆ ಸಾಕು, ಮುಂದಿನ ಚಕ್ರ ಕಚ್ಚಿಕೊಂಡು ನಿಲ್ಲುತ್ತದೆ, ನನ್ನನ್ನು ಎತ್ತಿ ಎಸೆಯುವುದರಲ್ಲಿತ್ತು, ಹಳೆಯ ಬ್ರೇಕ್ ಇದ್ದರೆ ಹಾಕಿಸಿಕೊಡಿ, ಆಗ ತೆಗೆದುಕೊಳ್ಳುತ್ತೇನೆ ಎಂದ.

ಹಳೆಯದೆಲ್ಲ ಅಟ್ಟದ ಮೇಲೆ ಇತ್ತು. ಮೆಕ್ಯಾನಿಕ್ ಬಂದು, ನಮ್ಮ ಎದುರಿಗೇ, ಒಂದೊಂದನ್ನೇ ಬಿಚ್ಚಿದ. ದೊಡ್ಡ ಡಿಸ್ಕ್, ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್, ಉಕ್ಕಿನ ಕೊಳವೆ, ಸಣ್ಣ ಸಿಲಿಂಡರ್. ಕಂಪನಿಯಿಂದ ಬಂದದ್ದನ್ನೇ ಮತ್ತೆ ಕೂರಿಸಿದ. ಯುವಕ ಮತ್ತೆ ಒಂದು ಸುತ್ತು ಹೋಗಿ ಬಂದು, ಈಗ ಸರಿಯಾಗಿದೆ, ಚೆನ್ನಾಗಿ ಹಿಡಿಯುತ್ತದೆ ಎಂದ.

ನಾನು ಅವರ ಮುಖ ನೋಡಿದೆ. ದುಡ್ಡು ಕೊಟ್ಟು ಯುವಕ ಓಡಿಸಿಕೊಂಡು ಹೋಗುತ್ತಿದ್ದ ಬೈಕನ್ನು ಅವರು ನೋಡುತ್ತಾ, "ಅವನಿಗೆ ಕೈ ಇದೆ. ಅಷ್ಟು ಸಾಕು," ಎಂದರು.

ಬಿಚ್ಚಿದ ಸಾಮಾನು ಕೆಲವು ದಿನ ಚಪ್ಪಲಿ ಗೂಡಿನ ಪಕ್ಕ ಇತ್ತು. ಒಂದು ದಿನ ಅದರ ಕಡೆ ಕಣ್ಣಲ್ಲೇ ತೋರಿಸಿ, ಎಲ್ಲಾದರೂ ಕೊಟ್ಟುಬಿಡು ಎಂದರು. ಮೆಕ್ಯಾನಿಕ್ಕಿಗೆ ಫೋನ್ ಮಾಡಿದರೆ ತನಗೆ ಬೇಡ ಎಂದ. ಯಾಕೆ ಎಂದು ಹೇಳಲಿಲ್ಲ. ಶುಕ್ರವಾರ ರಜೆ ಹಾಕಿ, ಎಲ್ಲವನ್ನೂ ಬಟ್ಟೆ ಚೀಲಕ್ಕೆ ತುಂಬಿ, ಲೋಕಲ್ ಟ್ರೇನಿನಲ್ಲಿ ಪಲ್ಲಾವರಂ ಸಂತೆಗೆ ಹೋದೆ. ಬಿಸಿಲು ಚುರುಗುಡುತ್ತಿತ್ತು. ಹಳೆಯ ಫ್ಯಾನು, ಕುಕ್ಕರು, ಕೈಕಾಲಿಲ್ಲದ ಗೊಂಬೆ, ಪಂಜರದಲ್ಲಿ ಕೋಳಿಮರಿ. ಬೈಕಿನ ಬಿಡಿಭಾಗಗಳನ್ನು ಹರವಿಕೊಂಡು ಕೂತಿದ್ದ ಒಬ್ಬನ ಮುಂದೆ ಚೀಲ ಬರಿದು ಮಾಡಿದೆ. ಅವನು ಡಿಸ್ಕನ್ನು ಎತ್ತಿ ಬಿಸಿಲಿಗೆ ಹಿಡಿದು, ಹೊಸದರ ಹಾಗಿದೆಯಲ್ಲ, ಯಾಕಮ್ಮಾ ಕೊಡುತ್ತಿದ್ದೀರಿ ಎಂದು ತಮಿಳಿನಲ್ಲಿ ಕೇಳಿದ. ನಮ್ಮಲ್ಲಿ ಓಡಿಸುವವರಿಲ್ಲ ಎಂದೆ. ಸತ್ತುಹೋದರು ಎಂದು ತಿಳಿದನೋ ಏನೋ, ತಲೆ ತಗ್ಗಿಸಿದ. ನಾನು ತಿದ್ದಲಿಲ್ಲ. ಸ್ಟೇಷನ್ನಿಗೆ ನಡೆದು ಬರುವಾಗ ಅದು ನೆನಪಾಗಿ ಒಂದು ಕಬ್ಬಿನ ಹಾಲಿನ ಗಾಡಿಯ ನೆರಳಿನಲ್ಲಿ ಸ್ವಲ್ಪ ಹೊತ್ತು ನಿಂತೆ.

ಈಗ ನಾನು ಬಸ್ಸಿನಲ್ಲಿ ಎಗ್ಮೋರಿಗೆ ಹೋಗುತ್ತೇನೆ. ಹಗಲು ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸು ಬರುತ್ತಾರೆ. ಬೆಳಿಗ್ಗೆ ಸ್ನಾನ, ಊಟ ನನ್ನದು. ತುತ್ತು ಸಣ್ಣದಾಗಿ ಕಲಸಿ ಬಾಯಿಗೆ ಇಟ್ಟು, ನುಂಗುವವರೆಗೆ ಕಾಯುತ್ತೇನೆ. ಅಕ್ಕಿಯ ಒಂದು ಕಾಳು ಅಡ್ಡದಾರಿ ಹಿಡಿದರೆ ಬಹಳ ಹೊತ್ತು ಕೆಮ್ಮುತ್ತಾರೆ. ಡಾಕ್ಟರ್ ನಾಲಿಗೆಯನ್ನು ಯಾಕೆ ಅಷ್ಟು ಹೊತ್ತು ನೋಡಿದರು ಎಂದು ಈಗ ಗೊತ್ತು. ಮುಂದಿನ ಸಲ ಹೋದಾಗ ಹೊಟ್ಟೆಗೆ ನಳಿಕೆ ಹಾಕುವ ಮಾತು ಬರುತ್ತದೆ ಎಂದೂ ಗೊತ್ತು. ಅವರಿಗೂ ಗೊತ್ತು.

ಮಾತೂ ಕಡಿಮೆಯಾಗಿದೆ. ಅಕ್ಷರಗಳೆಲ್ಲ ಒಂದರ ಮೇಲೊಂದು ಬಿದ್ದು ಬರುತ್ತವೆ. ಮಗಳಿಗೂ ನೋಡಿಕೊಳ್ಳುವ ಹೆಂಗಸಿಗೂ ಅರ್ಥವಾಗದಿದ್ದಾಗ ನನಗೆ ಫೋನ್ ಮಾಡಿ, ಫೋನನ್ನು ಅವರ ಬಾಯಿಯ ಹತ್ತಿರ ಹಿಡಿಯುತ್ತಾರೆ. ಅಂಗಡಿಯಲ್ಲಿ ಯಾರದೋ ಕಣ್ಣಿನ ಮುಂದೆ ಗಾಜು ಬದಲಾಯಿಸುತ್ತಾ ನಾನು ಕೇಳಿಸಿಕೊಂಡು ಹೇಳುತ್ತೇನೆ, ನೀರು ಬೇಕಂತೆ, ಕಿಟಕಿ ತೆಗೀಬೇಕಂತೆ, ಬೆನ್ನಿಗೆ ದಿಂಬು ಬೇಕಂತೆ.

ಮೊನ್ನೆ ಬೆಳಿಗ್ಗೆ, ನಾನು ಅವರ ಗಡ್ಡ ತೆಗೆಯುತ್ತಿದ್ದಾಗ, ಏನೋ ಹೇಳಿದರು. ಒಂದೆರಡು ಮಾತಲ್ಲ, ಉದ್ದವಾಗಿಯೇ ಹೇಳಿದರು. ನನಗೆ ತಿಳಿಯಲಿಲ್ಲ. ರೇಜರ್ ಕೆಳಗಿಟ್ಟು, ಬಾಯಿಯ ಹತ್ತಿರ ಕಿವಿ ತಂದು, "ಏನಂದ್ರಿ?" ಎಂದು ಕೇಳಿದೆ. ಮತ್ತೆ ಹೇಳಿದರು. ಕಷ್ಟಪಟ್ಟು, ನಿಧಾನವಾಗಿ, ಇನ್ನೊಂದು ಸಲ ಹೇಳಿದರು. ಅವರ ಹಣೆಯಲ್ಲಿ ಬೆವರು ಬಂತು. ಒಂದು ಶಬ್ದವೂ ನನಗೆ ಸಿಗಲಿಲ್ಲ. ಮತ್ತೆ ಕೇಳಲು ಮನಸ್ಸಾಗಲಿಲ್ಲ.

"ಹೂಂ. ಸರಿ," ಎಂದೆ, ಅರ್ಥವಾದವಳ ಹಾಗೆ.

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಇನ್ನೊಂದು ಕೆನ್ನೆಯನ್ನು ನನ್ನ ಕಡೆಗೆ ತಿರುಗಿಸಿದರು.